ಗೌರವಕ್ಕೆ ಉಳಿಸಿದ ಮಳೆ

ಅಜ್ಜಂಪುರ
ಜೂನ್ 11, ಬುಧವಾರ
(ಮೃಗಶಿರಾ ಮಳೆ ಹುಟ್ಟಿ ನಾಲ್ಕನೆಯ ದಿನ. ಹುಟ್ಟಿದ್ದಷ್ಟೇ, ಇನ್ನೂ ಅಳು ಕೇಳಿಸಿಲ್ಲ.)

ಅಲೆಗಳ ಮೇಲೆ ಆಸೀನರಾಗಿರುವ ಮಾನ್ಯ ಮುಖ್ಯ ವಿಜ್ಞಾನಿಗಳೇ, ಕಪ್ತಾನರೇ, ಇಂಜಿನ್ನಿನ ಮನೆಯವರೇ, ಅಡುಗೆ ಭಟ್ಟರೇ, ಬಲೆಗೆ ಬಿದ್ದ ಹಾಗೂ ಬೀಳದ ಸಮಸ್ತ ಮತ್ಸ್ಯಕುಲವೇ, ಮತ್ತು ಈ ಸಭೆಗೆ ನನ್ನನ್ನು ಕಿವಿ ಹಿಡಿದು ಎಳೆದು ತಂದಿರುವ ಪ್ರೀತಿಯ ತಂಗಿ ಮಾಲಿನಿಯೇ,

ಕಡಲಿನ ನಡುವಿನ ಹಿರಿಯರಿಗೆ ವಂದನೆ,
ಕಡೂರಿನ ಬಿ.ಎ.ಯ ಕಿರಿದೊಂದು ನಿವೇದನೆ.

ಇಷ್ಟು ಸಾಕೇನೇ ಮಾಲು? ಸಭೆಗೆ ನಮಸ್ಕಾರ ಹೇಳುವುದರಲ್ಲೇ ಅರ್ಧ ಹೊತ್ತು ಕಳೆಯಬಹುದು ಎನ್ನುವುದನ್ನು ನಮ್ಮೂರಿನ ರಾಜ್ಯೋತ್ಸವದ ಭಾಷಣಕಾರರಿಂದ ಕಲಿತಿದ್ದೇನೆ. ಉಳಿದರ್ಧವನ್ನು ಅವರು ವಂದನಾರ್ಪಣೆಗೆ ಬಿಡುತ್ತಾರೆ. ನನಗೆ ಆ ಭಾಗ್ಯವಿಲ್ಲ. ನಡುವೆ ಹೇಳಬೇಕಾದ ವಿಷಯವೊಂದಿದೆ.

ಭಾನುವಾರ ಹಡಗಿನ ಫೋನಿನಲ್ಲಿ ನೀನು ಹೇಳಿದ್ದು, ಗಾಳಿ ನುಂಗಿದ್ದನ್ನು ಬಿಟ್ಟು, ಇಷ್ಟು: "ಅಕ್ಕಾ, ನಮ್ಮನೆ ಮಳೆ ಪುಸ್ತಕ ಹೆಂಗೆ ನಡ್ಕೊಂಡ್ ಬಂತು ಅಂತ ಒಂದು ಪುಟ ಬರ್ದು ವಾಟ್ಸಾಪ್ ಮಾಡು. ಶುಕ್ರವಾರ ಮೀಟಿಂಗಲ್ಲಿ ಎಲ್ಲರ ಮುಂದೆ ಓದ್ತೀನಿ." ಆ ಸಭೆಯಲ್ಲಿ ಹಡಗು ಎತ್ತ ತಿರುಗಬೇಕೆಂದು ತೀರ್ಮಾನವಾಗುತ್ತದೆ, ಆದಮೇಲೆ ಬದಲಿಲ್ಲ ಎಂದೆ. ನಿಮ್ಮ ಮುಖ್ಯಸ್ಥರದು ಉತ್ತರದ ಹಟ. ಅಲ್ಲಿ ನೀರಿನೊಳಗೆ ಉಸಿರೇ ಕಡಿಮೆಯಾಗಿ ಮೀನು ರಾಶಿರಾಶಿ ಸಾಯುತ್ತಿವೆ, ಎಲ್ಲಿಂದ ಎಲ್ಲಿಯವರೆಗೆ ಬಲೆ ಹಾಕಬಾರದು ಎಂದು ಈಗಲೇ ಅಳೆದು ಹೇಳಿದರೆ ಉಳಿದವಾದರೂ ಉಳಿದಾವು ಎನ್ನುತ್ತಾರೆ. ನಿನ್ನದು ದಕ್ಷಿಣದ ಹಟ. ಅಲ್ಲಿ ಒಂದು ಪಟ್ಟೆ ನೀರು ಮೂರು ವರ್ಷದಿಂದ ಕಾದು ಕೂತಿದೆ, ಅದು ಕಾದಾಗ ಘಟ್ಟದ ಈಚೆ ನಮ್ಮ ಕಡೆ ಮುಂಗಾರು ಸೊರಗುತ್ತದೆ ಎನ್ನುವುದು ನಿನ್ನ ಅನುಮಾನ. ಎರಡೂ ಕಡೆ ಹೋಗಲು ಹಡಗಿಗೆ ದಿನ ಸಾಲದು. ಹನ್ನೊಂದು ಊರುಗಳ ಮಳೆಯನ್ನು ತರಿಸಿ ನೋಡಿದ್ದೀಯ. ಹತ್ತು ಊರು ಹೌದೂ ಅನ್ನದೆ ಇಲ್ಲಾ ಅನ್ನದೆ ತಲೆ ತೂಗುತ್ತವೆ, ಅಜ್ಜಂಪುರವೊಂದೇ ಎದೆ ತಟ್ಟಿ ಹೌದು ಎನ್ನುತ್ತದೆ. ಅಜ್ಜಂಪುರವೆಂದರೆ ನಮ್ಮ ಹಿತ್ತಲು. ಹಿತ್ತಲೆಂದರೆ ಆ ಮಳೆಮಾಪಕ.

ಆದ್ದರಿಂದ, ಮಾನ್ಯರೇ, ಹಿತ್ತಲಿಗೆ ದಯಮಾಡಿಸಿ.

ನಲವತ್ತೊಂದು ವರ್ಷಗಳ ಹಿಂದೆ ಸರ್ಕಾರದವರು ಇಲ್ಲಿಗೆ ಬಂದರು. ಮಳೆಮಾಪಕ ನೆಡಲು ಮರವಿಲ್ಲದ ಬಯಲು ಬೇಕಾಗಿತ್ತು, ಅದನ್ನು ನೋಡಿಕೊಳ್ಳಲು ಬೆಳಗ್ಗೆ ತಪ್ಪದೆ ಏಳುವ ಮನುಷ್ಯ ಬೇಕಾಗಿತ್ತು. ಬಯಲು ಬೇಕಾದಷ್ಟು ಸಿಕ್ಕಿತು. ಮನುಷ್ಯ ಸಿಕ್ಕಿದ್ದು ಮೂರನೆಯ ದಿನ. ಅವರೇ ನಮ್ಮ ತಂದೆ, ಪ್ರಾಥಮಿಕ ಶಾಲೆಯ ಮೇಷ್ಟರು ಪಂಚಾಕ್ಷರಪ್ಪನವರು. ದಿನಾ ಬೆಳಗ್ಗೆ ಎಂಟೂವರೆಗೆ ಅವರು ಮೇಲಿನ ಆಲಿಕೆ ಎತ್ತಿ, ಒಳಗಿನ ಸೀಸೆ ತೆಗೆದು, ಗೆರೆ ಹಾಕಿದ ಗಾಜಿನ ಲೋಟಕ್ಕೆ ನೀರು ಸುರಿದು, ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೇ ತಂದು ಓದುತ್ತಿದ್ದರು. ನಿಂತು ಓದಿದರೆ ಮಳೆ ಹೆಚ್ಚು ಕಾಣುತ್ತದೆ, ಕುಣಿದು ಓದಿದರೆ ಪ್ರಳಯವೇ ಕಾಣುತ್ತದೆ ಎನ್ನುತ್ತಿದ್ದರು. ತಿಂಗಳಿಗೊಂದು ಕಾರ್ಡು ತರೀಕೆರೆಯ ಕಚೇರಿಗೆ ಹೋಗುತ್ತಿತ್ತು. ಆಮೇಲೆ ಹೋಬಳಿಗೆ ಯಂತ್ರ ಬಂತು, ಇನ್ನು ಕಾರ್ಡು ಬೇಡ ಎಂದು ಕಾಗದವೂ ಬಂತು. ಅಪ್ಪ ಆ ಕಾಗದವನ್ನು ಮಳೆ ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಂಡು ಬರೆಯುವುದನ್ನು ಮುಂದುವರಿಸಿದರು.

ಅಳೆದಾದ ನೀರನ್ನು ಅಪ್ಪ ನೆಲಕ್ಕೆ ಚೆಲ್ಲುತ್ತಿರಲಿಲ್ಲ. ತಾಮ್ರದ ತಂಬಿಗೆಗೆ ಹಾಕಿ ಅವ್ವನ ಕೈಗೆ ಕೊಡುತ್ತಿದ್ದರು, ಅವ್ವ ಅದರಿಂದಲೇ ಲಿಂಗಪೂಜೆ ಮಾಡುತ್ತಿದ್ದಳು. ಯಾರೂ ಸೇದದ, ಯಾರೂ ಹೊರದ ನೀರು ಅದು. ಮಳೆಗಾಲದಲ್ಲಿ ಅವಳ ಪೂಜೆ ಎಂಟೂವರೆಗೆ ಕಾಯುತ್ತಿತ್ತು. ಲೆಕ್ಕ ಆದ ಮೇಲೆ ಲಿಂಗಕ್ಕೆ ಎನ್ನುವುದು ಅಪ್ಪನ ಕಾನೂನು. ನಿನಗೆ ನೆನಪಿರಬೇಕು, ಮಾಲು.

ನಿನಗೆ ಇನ್ನೊಂದೂ ನೆನಪಿರಬೇಕು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಪುಸ್ತಕದ ಅಂಚಿನಲ್ಲಿ "ಮಘೆ ಬಂತು ನೋಡು, ಹೊಗೆ ಹೋಯ್ತು ಗೂಡು" ಎಂದು ಬರೆದಿದ್ದೆ. ಅರ್ಥ ನನಗೂ ಗೊತ್ತಿರಲಿಲ್ಲ. ಅಪ್ಪ ಬೈಯಲಿಲ್ಲ. "ಕೋಮಲಾ, ಮಳೆ ಬರಿಯೋ ಪುಸ್ತಕದಲ್ಲಿ ಪ್ರಾಸ ಬರೀಬಾರದಮ್ಮ. ಪ್ರಾಸ ನಮಗೆ ಬೇಕಾದಂಗೆ ಬರ್ತದೆ. ಮಳೆ ಅಂಗಲ್ಲ" ಎಂದರು. ಆ ಸಾಲನ್ನು ಅಳಿಸಲೂ ಬಿಡಲಿಲ್ಲ. ಬರೆದದ್ದನ್ನು ಅಳಿಸಿದರೆ ಪುಸ್ತಕದ ಮೇಲೆ ಅನುಮಾನ ಬರುತ್ತದಂತೆ.

ಇಲ್ಲಿ ಪೆನ್ನು ಇಟ್ಟು ಎದ್ದೆ. ಹಿತ್ತಲ ಬಾಗಿಲ ತನಕ ಹೋಗಿ ಬಂದೆ. ಮೋಡಗಳು ಬೀರೂರಿನ ಕಡೆಯಿಂದ ಬಂದು, ನಮ್ಮೂರಿನಲ್ಲಿ ನಿಲುಗಡೆ ಇಲ್ಲದ ರೈಲಿನ ಹಾಗೆ ಮುಂದಕ್ಕೆ ಹೋಗುತ್ತಿವೆ. ಈರುಳ್ಳಿ ಬಿತ್ತಲು ನೆಲ ಹದ ಮಾಡಿಕೊಂಡವರು ಕತ್ತು ಮೇಲೆತ್ತಿ ನಿಂತಿದ್ದಾರೆ. ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನ ಭಾವ ಪೇಪರಿನ ಹಿಂದಿನಿಂದ ಕೇಳಿದರು: "ಅಲ್ಲ ಕಣೇ, ಹಡಗಲ್ಲಿರೋದು ಮಾಲಿನಿನೋ ನೀನೋ? ಬೆಳಗ್ಗಿಂದ ನೀನೇ ತೂರಾಡ್ತಿದ್ದೀಯಲ್ಲ."

ಸರಿ, ಸಭೆಗೆ ಮರಳೋಣ. ಅಪ್ಪ ಹೋಗಿ ನಾಲ್ಕು ವರ್ಷವಾಗುತ್ತ ಬಂತು. ಸ್ವಾತಿ ಮಳೆಯ ಕೊನೆಯ ಪಾದದಲ್ಲಿ ಹೋದರು, ಅಂದರೆ ಆ ವರ್ಷದ ಲೆಕ್ಕ ಮುಗಿಸಿಯೇ ಹೋದರು. ಮುಂದಿನ ಮುಂಗಾರಿನಿಂದ ಪುಸ್ತಕ ನನ್ನ ಕೈಗೆ ಬಂತು. ಈ ಮೂರು ವರ್ಷದಲ್ಲೇ ನಿನ್ನ ನಕ್ಷೆಯಲ್ಲಿ ಅಜ್ಜಂಪುರದ ಮಳೆಯ ಗೆರೆ ಕೆಳಕ್ಕೆ ಇಳಿದಿದೆ.

ನೀನು ಹೇಳಿದಂತೆ ಒಂಬತ್ತೂ ಪುಸ್ತಕಗಳನ್ನು ಚೀಲಕ್ಕೆ ತುಂಬಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಕಡೂರಿಗೆ ಒಯ್ದು ಸ್ಕ್ಯಾನ್ ಮಾಡಿಸಿ ಕಳಿಸಿದೆನಲ್ಲ, ಅಂಗಡಿಯ ಪ್ರಸನ್ನಕುಮಾರ್ ಬಾಯಿ ಬಿಟ್ಟುಕೊಂಡು ನೋಡಿದ. "ಜಮೀನಿನ ಪಹಣಿ ತರೋರನ್ನ ದಿನಾ ನೋಡ್ತೀನಿ ಮೇಡಂ, ಮಳೆ ಪಹಣಿ ತಂದೋರು ನೀವೇ ಮೊದಲು" ಎಂದ. ಎಂಟು ಪುಸ್ತಕಗಳ ಪುಟಗಳಲ್ಲಿ ಅಪ್ಪನ ಒದ್ದೆ ಬೆರಳಿನ ಗುರುತಿದೆ, ಕೆಲವು ಕಡೆ ಇಂಕು ಹರಡಿದೆ. ಒಂಬತ್ತನೆಯದನ್ನು ತಿರುವಿಹಾಕಿ, "ನಿಮ್ಮ ತಂದೆಯವರ ಪುಸ್ತಕ ನೆಂದು ತೊಪ್ಪೆಯಾಗಿದೆ, ನಿಮ್ದು ಒಳ್ಳೆ ಕೊಬ್ಬರಿ ಒಣಗಿದಂಗೆ ಒಣಗಿದೆ ಕಣ್ರೀ" ಎಂದು ನಕ್ಕ. ನಾನೂ ನಕ್ಕೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದೆ. ಯಾಕೋ.

ಅವ್ವ ಚೆನ್ನಾಗಿದ್ದಾಳೆ. ನೀನು ಹೋದ ಸಲ ಎರಡು ಕಿಲೋಮೀಟರ್ ಆಳಕ್ಕೆ ಇಳಿಸಿ ತೆಗೆದ ಥರ್ಮಕೋಲಿನ ಲೋಟ, ನೀರಿನ ಭಾರಕ್ಕೆ ಕುಗ್ಗಿ ಬೆರಳ ಗಾತ್ರವಾದದ್ದು, ದೇವರ ಗೂಡಿನಲ್ಲಿದೆ. ಬಂದವರಿಗೆಲ್ಲ ತೋರಿಸುತ್ತಾಳೆ. "ಲೋಟ ಹೋಗಿ ಇಷ್ಟಾಗಿ ಬಂದದೆ. ನನ್ನ ಮಗಳು ಎಷ್ಟಾಗಿ ಬತ್ತಾಳೋ" ಎನ್ನುತ್ತಾಳೆ. ಲೋಟ ಇಳಿಸುವುದು ಹಗ್ಗ ಕಟ್ಟಿ, ಮಾಲಿನಿ ಇಳಿಯುವುದಿಲ್ಲ, ಹಡಗಿನ ಮೇಲೇ ಇರುತ್ತಾಳೆ ಎಂದು ಎಷ್ಟು ಸಲ ಹೇಳಿದರೂ ಪ್ರಯೋಜನವಿಲ್ಲ. ನೀನು ಬಂದಾಗ ಎದುರಿಗೆ ನಿಂತು ನಿನ್ನ ಎತ್ತರ ತೋರಿಸು.

ಅವ್ವನ ಮಾತು ಬಂದಾಗ ಒಂದು ತಮಾಷೆ ಹೇಳುತ್ತೇನೆ. ಇದನ್ನು ಸಭೆಯಲ್ಲಿ ಓದಬೇಕಾಗಿಲ್ಲ. ಹೋದ ವಾರ ಬೆಳಗಿನ ಜಾವ ಎಚ್ಚರವಾಗಿ ಹಿತ್ತಲಿಗೆ ಹೋದರೆ, ಅವ್ವ ಮಳೆಮಾಪಕದ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ. ಆಲಿಕೆ ಪಕ್ಕಕ್ಕಿದೆ, ಸೀಸೆ ಕೈಯಲ್ಲಿದೆ, ನೀರು ತಂಬಿಗೆಗೆ ಇಳಿಯುತ್ತಿದೆ. ಐದೂವರೆ ಗಂಟೆ ಕಣೇ! ನಾನು ಅಳೆಯಲು ಇನ್ನೂ ಮೂರು ತಾಸಿದೆ. "ಏನವ್ವಾ ಇದು?" ಎಂದರೆ ಅವಳೇ ನನ್ನನ್ನು ದಬಾಯಿಸಿದಳು: "ಯಾಕೆ, ಈ ನೀರು ನಿಂಗ್ಯಾಕೆ? ಎಷ್ಟು ಮಳೆ ಬಂತು ಅಂತ ಎಲ್ಲಾ ಫೋನಲ್ಲೇ ಬತ್ತದಂತಲ್ಲ. ನೀನು ಅದನ್ನೇ ನೋಡ್ಕೊಂಡು ಬರೀತೀಯ ಅನ್ಕೊಂಡೆ. ನಿಮ್ಮಪ್ಪ ಇಲ್ದಿದ್ ಮೇಲೆ ಎಂಟೂವರೆ ಗಂಟೆಗಂಟ ನಾನು ಯಾರಿಗೆ ಕಾಯ್ಲಿ?" ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾಗಿ, "ಪೂರಾ ತಗಂಡಿಲ್ಲ ಕಣೇ. ಗೌರವಕ್ಕೆ ಒಂದಿಷ್ಟು ಬಿಟ್ಟಿದ್ದೀನಿ" ಎಂದಳು.

ಅವ್ವ ಯಾವುದನ್ನೂ ತಳ ಕಾಣುವಂತೆ ಬರಿದು ಮಾಡುವವಳಲ್ಲ ಎನ್ನುವುದು ನಿನಗೆ ಗೊತ್ತು. ರಾಗಿಯ ಡಬ್ಬದಲ್ಲಿ ಒಂದು ಹಿಡಿ, ಮೊಸರಿನ ಗಡಿಗೆಯಲ್ಲಿ ಒಂದು ಚಮಚ, ಉಪ್ಪಿನಕಾಯಿ ಜಾಡಿಯಲ್ಲಿ ಒಂದು ಹೋಳು. ಹಾಗೇ ಸೀಸೆಯಲ್ಲೂ ಒಂದಿಷ್ಟು ಮಳೆ. ಸೀಸೆ ಪೂರ್ತಿ ಖಾಲಿಯಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಅವಳು ಉಳಿಸುವುದು ಎರಡು ಮಿಲಿಮೀಟರೋ ಮೂರೋ, ಅದೂ ಬಹಳ ಗೌರವದಿಂದ. ಯಾರು ನೋಡಿದರೂ ಸಣ್ಣ ಮಳೆ ಬಂತು ಅಂದುಕೊಳ್ಳಬೇಕು.

ಆದ್ದರಿಂದ ಈ ಜೂನ್ ಮೊದಲ ವಾರದ ಎರಡು ಅಂಕಿಗಳನ್ನು ಮಾತ್ರ ಬಿಟ್ಟುಬಿಡು. ಅವು ಹೇಗೂ ನಿನ್ನ ವರದಿಯಲ್ಲಿಲ್ಲ. ಹಳೆಯದೆಲ್ಲ ಸರಿಯಾಗಿಯೇ ಇದೆ.

ಮತ್ತೆ ಎದ್ದಿದ್ದೆ. ಈ ಸಲ ನೀರು ಕುಡಿಯಲು ಎಂದುಕೊಂಡು ಎದ್ದು, ಕುಡಿಯದೆ ಬಂದು ಕೂತಿದ್ದೇನೆ.

ನಿಮ್ಮ ಮುಖ್ಯಸ್ಥರು "ಹೋಬಳಿ ಯಂತ್ರದ ಅಂಕಿ ಬೇರೆ ಹೇಳುತ್ತದಲ್ಲ" ಎಂದಾಗ ನೀನು ಎಲ್ಲರೆದುರು "ಯಂತ್ರದೊಳಗೆ ಗುಬ್ಬಿ ಗೂಡು ಕಟ್ತದೆ ಸಾರ್, ನಮ್ಮಕ್ಕನೊಳಗೆ ಕಟ್ಟಲ್ಲ" ಎಂದೆಯಂತೆ. ಅದನ್ನು ಹೇಳಿ ನೀನು ಎಷ್ಟು ನಕ್ಕೆ! ಹಡಗಿನ ಫೋನಿನಲ್ಲಿ ನಗು ಒಂದು ಕ್ಷಣ ತಡವಾಗಿ ತಲುಪುತ್ತದೆ, ಹಾಗಾಗಿ ನಾನು ನಗಲಿಲ್ಲ ಎನ್ನುವುದು ನಿನಗೆ ಗೊತ್ತಾಗಲಿಲ್ಲ. ವರದಿಯಲ್ಲಿ ನಿನ್ನ ಹೆಸರಿನ ಪಕ್ಕದಲ್ಲೇ ನನ್ನ ಹೆಸರನ್ನೂ ಹಾಕಿಸುವುದಾಗಿ ನೀನೇ ಹೇಳಿದೆ. ಕನ್ನಡ ಮಾಧ್ಯಮದ ಬಿ.ಎ., ಅಂಚೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ಹೆಸರಿನ ಮೇಲೆ ಮುದ್ರೆ ಒತ್ತಿದವಳು. ನನ್ನ ಹೆಸರು ಇಂಗ್ಲಿಷಿನಲ್ಲಿ, ದೇಶವಿದೇಶದವರು ಓದುವ ವರದಿಯಲ್ಲಿ! ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಹಳೆಯ ಲಕೋಟೆಯ ಹಿಂದೆ ನಾಲ್ಕು ಥರದಲ್ಲಿ ಬರೆದು ನೋಡಿಕೊಂಡೆ. ಮೂರನೆಯದು ಚೆನ್ನಾಗಿತ್ತು.

ಸೋಮವಾರ ರಜೆ ಹಾಕಿ ತರೀಕೆರೆಗೂ ಹೋಗಿ ಬಂದೆ. ಸುಮ್ಮನೆ. ಬರುವಾಗ ಅಜ್ಜಂಪುರದ ಬಸ್ಸೆಂದು ಅಮೃತಾಪುರದ ಬಸ್ಸು ಹತ್ತಿಬಿಟ್ಟಿದ್ದೆ. ಟಿಕೆಟ್ ಕೊಡುವಾಗ ಕಂಡಕ್ಟರು, "ಏನಮ್ಮಾ, ದೇವಸ್ಥಾನ ನೋಡಕ್ಕಾ?" ಎಂದ ಮೇಲೆಯೇ ಗೊತ್ತಾದದ್ದು. ಹೌದಪ್ಪಾ ಎಂದು ಹೋಗಿ, ನೋಡಿ, ಕಟ್ಟೆಯ ಮೇಲೆ ಕೂತು, ಕೂರಲಾರದೆ ಎದ್ದು ಬಂದೆ. ಏನು ನೋಡಿದೆನೋ ದೇವರೇ ಹೇಳಬೇಕು.

ಮಾನ್ಯರೇ, ಇನ್ನು ವಂದನಾರ್ಪಣೆ. ಕಡಲನ್ನು ನಾನು ಕಣ್ಣಾರೆ ಕಂಡದ್ದು ಎರಡೇ ಸಲ, ಅದೂ ಸೀರೆ ಒದ್ದೆಯಾದೀತೆಂದು ದೂರದಿಂದ. ಆದರೂ ನನ್ನ ತಂಗಿ ಒಮ್ಮೆ ಹೇಳಿದ್ದು ತಲೆಯಲ್ಲಿ ಉಳಿದಿದೆ. ನೀವು ಕಡಲಿಗೆ ಇಳಿಬಿಡುವ ಚೌಕಟ್ಟಿನ ಸೀಸೆಗಳು ಒಂದೊಂದು ಆಳದಲ್ಲಿ ಒಂದೊಂದಾಗಿ ಮುಚ್ಚಿಕೊಂಡು ಮೇಲೆ ಬರುತ್ತವಂತೆ. ಆ ಸೀಸೆಯನ್ನು ಮೊದಲು ಮುಟ್ಟುವವರು ಅಳೆಯುವವರೇ ಆಗಿರಬೇಕಂತೆ, ಬೇರೆ ಯಾರೂ ಮುಟ್ಟುವ ಹಾಗಿಲ್ಲವಂತೆ. ನಮ್ಮ ಅಪ್ಪ ನಿಮ್ಮ ಹಡಗಿನಲ್ಲಿ ಇರಬೇಕಾಗಿತ್ತು.

ಮಾಲು, ವಾಟ್ಸಾಪ್ ಮಾಡು ಎಂದೆ. ಅಂಚೆಯವಳು ವಾಟ್ಸಾಪ್ ಮಾಡಿದರೆ ಅಡುಗೆ ಭಟ್ಟ ಹೋಟೆಲಿನಲ್ಲಿ ಉಂಡಂತೆ. ಇದನ್ನು ಮಂಗಳೂರಿನಲ್ಲಿರುವ ನಿಮ್ಮ ಹಡಗಿನ ಏಜೆಂಟರ ವಿಳಾಸಕ್ಕೆ ಸಾದಾ ಅಂಚೆಯಲ್ಲಿ ಹಾಕುತ್ತೇನೆ. ಸೋಮವಾರ ಹಡಗು ತರಕಾರಿ ತುಂಬಿಕೊಳ್ಳಲು ಬಂದಾಗ ನಿನ್ನ ಕೈ ಸೇರುತ್ತದೆ. ಶುಕ್ರವಾರದ ಸಭೆಗೆ ತಪ್ಪುತ್ತದೆ, ನಿಜ. ಪುಸ್ತಕದ ಬಗ್ಗೆ ನೀನೇ ಬಾಯಲ್ಲಿ ಎರಡು ಮಾತು ಹೇಳಿದರಾಯಿತು. ನನಗಿಂತ ನಿನಗೆ ಚೆನ್ನಾಗಿ ಬರುತ್ತದೆ.

ಹೊಟ್ಟೆ ತುಂಬ ಉಣ್ಣು. ಡೆಕ್ಕಿನ ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಡ.

ಎಂದೂ ದಡ ಬಿಡದ ನಿನ್ನ ಅಕ್ಕ,
ಕೋಮಲಾ

ತಾ.ಕ.: ಅಂಟು ಹಚ್ಚಿದ್ದ ಲಕೋಟೆಯನ್ನು ಹರಿದು ಈ ಪುಟ ಸೇರಿಸುತ್ತಿದ್ದೇನೆ. ಸಭೆ ಮುಗಿಯಿತು, ಇದು ನಿನಗೆ ಮಾತ್ರ.

ಹೋದ ವಾರ ಎಂದು ಬರೆದೆನಲ್ಲ, ಅದು ಹೋದ ವಾರ ಅಲ್ಲ. ಎರಡು ವರ್ಷದ ಹಿಂದಿನ ಆರಿದ್ರಾ ಮಳೆಯಲ್ಲಿ ನಡೆದದ್ದು. ಅವ್ವ ತಂಬಿಗೆ ಹಿಡಿದದ್ದು ಅದಕ್ಕೂ ಹಿಂದಿನ ಮುಂಗಾರಿನಿಂದ. ಮೊದಲ ವರ್ಷ ನನಗೆ ಗೊತ್ತಿರಲಿಲ್ಲ. ಉಳಿದ ಎರಡು ವರ್ಷ, ಅವಳು ಬಿಟ್ಟ ನೀರನ್ನು ಅಳೆದು, ಗೊತ್ತಿದ್ದೂ ಗೊತ್ತಿದ್ದೂ ಅದನ್ನೇ ಮಳೆ ಎಂದು ಬರೆದೆ.

ಅವತ್ತು ಅವಳನ್ನು ಕೇಳುವ ಮುಂಚೆ ಬಾಗಿಲ ಹಿಂದೆ ನಿಂತಿದ್ದೆ. ಅವಳು ಮಳೆಮಾಪಕದ ಜೊತೆ ಮಾತಾಡುತ್ತಿದ್ದಳು. "ಜೋರಾಗೇ ಬಂದದೆ ಕಣ್ರೀ ಇವತ್ತು. ನಿಮ್ ಮಗಳು ಇನ್ನೂ ಎದ್ದಿಲ್ಲ" ಎಂದು ಅಪ್ಪನಿಗೆ ಚಾಡಿ ಹೇಳುತ್ತಿದ್ದಳು. ಅಪ್ಪ ಹೋದ ಮೇಲೆ ಇಪ್ಪತ್ತು ತಿಂಗಳಲ್ಲಿ ಅವಳು ಒಟ್ಟಿಗೆ ಎರಡು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಿಲ್ಲಿಸು ಎನ್ನಲು ಬಾಯಿ ಬರಲಿಲ್ಲ. ಇದು ನಿಜ, ಆದರೆ ಅರ್ಧ ನಿಜ. ಐದು ಗಂಟೆಗೆ ಎದ್ದು ಅವಳಿಗಿಂತ ಮೊದಲು ಅಳೆದು, ತಂಬಿಗೆಯನ್ನು ನಾನೇ ಅವಳ ಕೈಗೆ ಕೊಟ್ಟಿದ್ದರೆ ಎರಡೂ ಉಳಿಯುತ್ತಿತ್ತು. ಏಳಲಿಲ್ಲ. ನಿದ್ದೆ, ಮಾಲು, ಬರೀ ನಿದ್ದೆ. ಆಮೇಲೆ ನೀನು ಗೆರೆ ಇಳಿದಿದೆ ಎಂದು ಕುಣಿದಾಗಲಾದರೂ ಹೇಳಬೇಕಿತ್ತು. ನಾನು ಲಕೋಟೆಯ ಹಿಂದೆ ಹೆಸರು ಬರೆಯುತ್ತ ಕೂತೆ.

ತರೀಕೆರೆಗೆ ಹೋದದ್ದು ಸುಮ್ಮನೆ ಅಲ್ಲ. ಯಂತ್ರ ಕೆಟ್ಟಿರಲಿ ಎಂದು ಹರಸಿಕೊಂಡು ಹೋಗಿದ್ದೆ. ಕಚೇರಿಯ ಕಲ್ಲೇಶ್ ಮೂರು ವರ್ಷದ ಅಂಕಿ ತೆಗೆದು ತೋರಿಸಿದ. ಗುಬ್ಬಿಯೂ ಇಲ್ಲ, ಗೂಡೂ ಇಲ್ಲ. ಎಲ್ಲ ವರ್ಷದಂಥದೇ ಮಳೆ. ಆಮೇಲೆ ಬೀರುವಿನ ಮೇಲಿಂದ ಒಂದು ಕಟ್ಟು ಇಳಿಸಿ, "ನಿಮ್ಮಪ್ಪಾರ ಕಾರ್ಡುಗಳು ಮೇಡಂ. ಎಸೆಯಕ್ಕೆ ಮನಸು ಬರ್ಲಿಲ್ಲ" ಎಂದ. ಅದಾದ ಮೇಲೆ ಯಾವ ಬಸ್ಸು ಹತ್ತಿದರೂ ಒಂದೇ ಆಗಿತ್ತು.

ಆ ಮೂರು ವರ್ಷ ಮುಂಗಾರು ಸೊರಗಲಿಲ್ಲ. ಅವ್ವ ಪೂಜೆ ಮಾಡಿದಳು, ನಾನು ಮಲಗಿದ್ದೆ, ಅಷ್ಟೇ. ಅಜ್ಜಂಪುರವನ್ನು ನಿನ್ನ ಹನ್ನೊಂದರಿಂದ ತೆಗೆದುಹಾಕು. ನನ್ನ ಹೆಸರನ್ನೂ ತೆಗೆ. ನಿನ್ನ ಮುಖ್ಯಸ್ಥರ ಮುಂದೆ ನೀನು ತಲೆ ತಗ್ಗಿಸುವಂತೆ ಮಾಡಿದೆ, ಅದಕ್ಕೆ ಬೈಯುವುದಿದ್ದರೆ ಊರಿಗೆ ಬಂದು ಬೈ. ಹಡಗು ಉತ್ತರಕ್ಕೆ ಹೋಗಲಿ. ಹೇಳಿದರೆ ನನ್ನ ಮಾನ ಹೋಗುತ್ತದೆ, ಹೇಳದಿದ್ದರೆ ಅಲ್ಲಿ ಮೀನು ಹೋಗುತ್ತವೆ. ಇದು ಪ್ರಾಸಕ್ಕೆಂದು ಬರೆದದ್ದಲ್ಲ.

ಅವ್ವನಿಗೆ ಮಾತ್ರ ಏನೂ ಹೇಳಬೇಡ. ನಾಳೆಯಿಂದ ಐದಕ್ಕೆ ಏಳುತ್ತೇನೆ.

ಸಾದಾ ಅಂಚೆ ಎಂದದ್ದು ಅಂಚೆಯ ಮೇಲಿನ ಪ್ರೀತಿಯಿಂದಲ್ಲ. ಸೋಮವಾರ ತಲುಪಲಿ, ಶುಕ್ರವಾರ ದಾಟಿಹೋಗಲಿ ಎಂದು. ಈಗ ಪುಟಗಳನ್ನು ಮೇಜಿನ ಮೇಲೆ ಹರವಿ ಫೋನು ತೆಗೆದುಕೊಂಡಿದ್ದೇನೆ. ಈ ಕೊನೆಯ ಪುಟದ ಫೋಟೊವನ್ನೇ ಮೊದಲು ಕಳಿಸುತ್ತೇನೆ. ಮೊದಲ ಪುಟದಿಂದ ಶುರುಮಾಡಿದರೆ ಇಲ್ಲಿಗೆ ಬರುವಷ್ಟರಲ್ಲಿ ನನಗೆ ಧೈರ್ಯ ಉಳಿದಿರುವುದಿಲ್ಲ.